ದುಂಬಿಯೂ ದಿಂಬಿನ ಕವರೂ

ದೊಡ್ಡಮ್ಮನ ದಿಂಬಿನ ಕವರ್ ಗಾಳಿಗೆ ಹಾರಿ ಒಂದನೇ ಮಹಡಿಯ ಸಜ್ಜದ ಮೇಲೆ ಬೀಳದೇ ಹೋಗಿದ್ದರೆ ಆ ಭಾನುವಾರ ದುಂಬಿಯ ಪಾಲಿಗೆ ಸುಖವಾಗಿಯೇ ಮುಗಿಯುತ್ತಿತ್ತು.

ದುಂಬಿ ಎಂಬುದು ಕಟ್ಟಡದವರು ಇಟ್ಟ ಹೆಸರು. ವೃತ್ತಿಯಿಂದ ಅವನು ಕನ್ನಡಕದ ಅಂಗಡಿಯವನು. ಚಟದಿಂದ ಡ್ರೋನ್ ಹಾರಿಸುವವನು. ಈ ವಿದ್ಯೆಯನ್ನು ಅವನು ಯಾವ ಗುರುವಿನ ಬಳಿಯೂ ಕಲಿತದ್ದಲ್ಲ. ಮೊದಮೊದಲು ಕಂಪ್ಯೂಟರಿನ ಆಟದಲ್ಲಿ ಇಲ್ಲದ ಡ್ರೋನನ್ನು ಇಲ್ಲದ ಮರಗಳಿಗೆ ಗುದ್ದಿಸಿದ. ಆಮೇಲೆ ಅಂಗೈಯಗಲದ ಒಂದನ್ನು ತಂದು ನಡುಮನೆಯಲ್ಲಿ ಹಾರಿಸಿ ಪರದೆಯನ್ನೂ ಹೆಂಡತಿಯ ತಾಳ್ಮೆಯನ್ನೂ ಒಟ್ಟಿಗೆ ಹರಿದ. ಮುರಿದ ರೆಕ್ಕೆ ಬದಲಿಸುತ್ತ, ಕಿತ್ತುಬಂದ ತಂತಿ ಬೆಸೆಯುತ್ತ, ತನ್ನಂಥದೇ ಹುಚ್ಚಿನವರನ್ನು ಫೋನಿನ ಗುಂಪಿನಲ್ಲಿ ಕೇಳುತ್ತ ಕೊನೆಗೆ ದೊಡ್ಡ ಡ್ರೋನಿಗೆ ಬಡ್ತಿ ಪಡೆದ.

ಒಂದು ವಿದ್ಯೆ ಮಾತ್ರ ಕೈಗೆ ಹತ್ತಿರಲಿಲ್ಲ. ಡ್ರೋನಿನ ಮೂತಿ ಆಚೆಗಿದ್ದರೆ ಅದು ಹೇಳಿದ ಮಾತು ಕೇಳುತ್ತದೆ. ಮೂತಿ ನಮ್ಮ ಕಡೆ ತಿರುಗಿತೋ, ಎಡಕ್ಕೆ ಎಂದರೆ ಬಲಕ್ಕೆ, ಬಲಕ್ಕೆ ಎಂದರೆ ಎಡಕ್ಕೆ ಹೋಗುತ್ತದೆ. ‘ಯೋಚಿಸಬೇಡ, ಬೆರಳಿಗೆ ಬಿಡು’ ಎನ್ನುತ್ತಿದ್ದರು ಗುಂಪಿನವರು. ದುಂಬಿ ಯೋಚಿಸುತ್ತಿದ್ದ. ಅಷ್ಟರಲ್ಲಿ ಡ್ರೋನ್ ನೀರಿನ ಟ್ಯಾಂಕಿಗೆ ಗುದ್ದುತ್ತಿತ್ತು.

ಅಭ್ಯಾಸಕ್ಕೆ ಇದ್ದದ್ದು ಕಟ್ಟಡದ ತಾರಸಿ ಒಂದೇ. ಅದರ ಬೀಗದ ಕೈಗೂ ಸಂಚಕಾರ ಬಂದಿತ್ತು. ಹಿಂದಿನ ದಿನವಷ್ಟೇ ನಿವಾಸಿಗಳ ಸಂಘದ ಕಾರ್ಯದರ್ಶಿ ಅವನನ್ನು ಮೆಟ್ಟಿಲ ಮೇಲೆ ತಡೆದು, “ನೆಲಮಹಡಿ ಟೈಲರ್ ದೂರು ಕೊಟ್ಟಿದಾನೆ. ನಿಮ್ಮ ಗುಂಯ್ ಕೇಳಿದ್ರೆ ಅವನ ಕತ್ತರಿ ಅಡ್ಡಡ್ಡ ಹೋಗುತ್ತಂತೆ. ಇನ್ನೊಂದು ದೂರು ಬರಲಿ, ತಾರಸಿ ಕೀ ವಾಪಸ್” ಎಂದಿದ್ದರು.

ಹೀಗಿರುವಾಗ ಮೂರನೇ ಮಹಡಿಯ ದೊಡ್ಡಮ್ಮ ಕಿಟಕಿಯಿಂದ ತಲೆ ಹೊರಹಾಕಿ ತಾರಸಿಯಲ್ಲಿದ್ದ ಅವನನ್ನು ಕೂಗಿದರು. “ದುಂಬೀ, ನನ್ನ ದಿಂಬಿನ ಕವರ್ ಎತ್ಕೊಡೋ.”

“ದೊಡ್ಡಮ್ಮಾ, ಇದು ಅದಕ್ಕಲ್ಲ...”

“ಮತ್ತೆ ಯಾವುದಕ್ಕೆ? ದಿನಾ ಬೆಳಿಗ್ಗೆ ನನ್ನ ನಿದ್ದೆ ಕೆಡಿಸೋಕಾ? ಸೆಕ್ರೆಟರಿಗೆ ಹೇಳ್ಲಾ?”

ದುಂಬಿ ತಂತಿಯನ್ನು ಬಗ್ಗಿಸಿ ಕೊಕ್ಕೆ ಮಾಡಿದ, ದಾರದಿಂದ ಡ್ರೋನಿನ ಹೊಟ್ಟೆಗೆ ಕಟ್ಟಿದ, ಕೆಳಗಿಳಿಸಿದ. ಮೊದಲ ಸಲಕ್ಕೇ ಕವರ್ ಸಿಕ್ಕಿತು. ದೊಡ್ಡಮ್ಮ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಅವನಿಗೆ ಒಂದು ಮುಖ್ಯ ಸಂಗತಿ ಮರೆತುಹೋಯಿತು.

ಡ್ರೋನಿನ ಹೊಟ್ಟೆಯಲ್ಲಿ ಒಂದು ಕಣ್ಣಿರುತ್ತದೆ. ನೆಲ ಎಷ್ಟು ದೂರದಲ್ಲಿದೆ ಎಂದು ನೋಡುವುದು ಅದರ ಕೆಲಸ. ಗಾಳಿ ತುಂಬಿ ಉಬ್ಬಿದ ಕವರ್ ಆ ಕಣ್ಣಿಗೆ ತಗುಲಿದಾಗಲೆಲ್ಲ ಡ್ರೋನ್ ‘ಅಯ್ಯೋ, ನೆಲ ಬಂತು’ ಎಂದು ಹೆದರಿ ಒಂದಾಳೆತ್ತರ ಮೇಲೆ ನೆಗೆಯತೊಡಗಿತು. ಊರಿನವರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನು ತನ್ನ ಡ್ರೋನಿನ ಕಣ್ಣಿಗೆ ಬಟ್ಟೆ ಕಟ್ಟಿಬಿಟ್ಟಿದ್ದ.

ಕೆಳಗೆ ಒತ್ತಿದಷ್ಟೂ ಅದು ಮೇಲೇರಿತು. ಬಿಕ್ಕಳಿಕೆ ಹಿಡಿದ ದೆವ್ವದ ಹಾಗೆ ಒಂದೊಂದೇ ಮಹಡಿ ದಾಟಿತು. ಎರಡನೇ ಮಹಡಿಯಲ್ಲಿ ಯಾರೋ ಪಾತ್ರೆ ಕೆಡವಿದರು. ಮೂರನೆಯದರಲ್ಲಿ ದೊಡ್ಡಮ್ಮ, “ಇಲ್ಲಿ ಇಲ್ಲಿ, ನಿಲ್ಲು!” ಎಂದು ಕೈ ಚಾಚಿದರು, ಅದು ನಿಲ್ಲಲಿಲ್ಲ. ಬೀದಿಗಿಳಿದಿದ್ದ ಟೈಲರ್ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡೇ ಏನೋ ಸಲಹೆ ಕೊಟ್ಟ. ಪುಣ್ಯಕ್ಕೆ ಯಾರಿಗೂ ಅರ್ಥವಾಗಲಿಲ್ಲ.

ನಾಲ್ಕನೇ ಮಹಡಿಯಲ್ಲಿ, ಕಾರ್ಯದರ್ಶಿಗಳ ಬಾಲ್ಕನಿಯೆದುರು, ಗಾಳಿ ಒಂದು ಗಳಿಗೆ ಸುಮ್ಮನಾಯಿತು. ಡ್ರೋನೂ ನಿಂತಿತು. ದುಂಬಿಯ ಫೋನಿನ ಪರದೆಯಲ್ಲಿ ಕಾರ್ಯದರ್ಶಿ ಕಂಡರು. ಅವರು ನಾಲಿಗೆಯ ತುದಿ ಹೊರಚಾಚಿ, ಬನಿಯನ್ನಿನಲ್ಲಿ ಮೇಜಿನೆದುರು ಕೂತು, ಹೊಚ್ಚಹೊಸ ಡ್ರೋನಿಗೆ ರೆಕ್ಕೆ ತಿರುಪುತ್ತಿದ್ದರು. ತಲೆಯೆತ್ತಿದರು. ಕ್ಯಾಮೆರಾ ಅವರನ್ನು ನೋಡಿತು, ಅವರು ಕ್ಯಾಮೆರಾವನ್ನು ನೋಡಿದರು. ಮತ್ತೆ ಗಾಳಿ ಬೀಸಿತು. ಡ್ರೋನ್ ತಾರಸಿಯ ಮಟ್ಟಕ್ಕೆ ಬಂದದ್ದೇ ದುಂಬಿ ಕವರಿಗೆ ಜೋತುಬಿದ್ದು ಅದನ್ನು ಹಿಡಿದ.

ಕಾರ್ಯದರ್ಶಿ ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು ಮೇಲೆ ಬಂದರು.

“ನೋಡಿದ್ರಾ?”

“ಏನನ್ನ ಸಾರ್?”

“ಹಾಗಾದ್ರೆ ನೋಡಿದ್ರಿ.” ಅವರು ಮೆಟ್ಟಿಲ ಕಡೆ ತಿರುಗಿ ನೋಡಿ ದನಿ ತಗ್ಗಿಸಿದರು. “ಅದು ನಮ್ಮ ಅಳಿಯಂದು.”

“ನಿಮ್ಮ ಮಗಳಿಗಿನ್ನೂ ಮದುವೆ ಆಗಿಲ್ವಲ್ಲ ಸಾರ್.”

“ಮುಂದೆ ಆಗುತ್ತಲ್ಲ?” ಎಂದರು. ಆಮೇಲೆ ಅವರ ಮುಖ ಸಣ್ಣದಾಯಿತು. “ಒಂದು ವಾರದಿಂದ ಒದ್ದಾಡ್ತಿದೀನಿ ಕಣ್ರೀ. ಹಾರ್ತಾನೇ ಇಲ್ಲ. ನೆಲದ ಮೇಲೇ ಹೊರಳಾಡುತ್ತೆ. ಹೇಳಿಕೊಡ್ತೀರಾ? ಕೀ ನಿಮ್ಮ ಹತ್ರಾನೇ ಇರಲಿ. ಆದ್ರೆ ಯಾರಿಗೂ ಗೊತ್ತಾಗಬಾರದು.”

ದುಂಬಿಗೆ ಆಕಾಶಕ್ಕೆ ಮೂರೇ ಗೇಣು ಎನ್ನುವಷ್ಟು ಖುಷಿಯಾಯಿತು.

ಮಧ್ಯಾಹ್ನ, ಕಟ್ಟಡವೆಲ್ಲ ಉಂಡು ಮಲಗಿದ್ದಾಗ, ಪಾಠ ಶುರುವಾಯಿತು. ಎರಡು ರೆಕ್ಕೆ ಒಂದು ಕಡೆಗೆ ತಿರುಗಬೇಕು, ಇನ್ನೆರಡು ಅದರ ವಿರುದ್ಧ. ಕಾರ್ಯದರ್ಶಿ ಅದಲುಬದಲು ಮಾಡಿದ್ದರು. ದುಂಬಿ ಸರಿಪಡಿಸಿದ. ಡ್ರೋನ್ ಎದ್ದು ಸೊಂಟದೆತ್ತರಕ್ಕೆ ನಿಂತಿತು. ಕಾರ್ಯದರ್ಶಿಗಳ ಕಣ್ಣುಗಳು ಒದ್ದೆಯಾದವು.

“ಸಾಕು ಸಾರ್, ಇವತ್ತಿಗೆ ಇಷ್ಟೇ. ಬಾಲ ನಮ್ಮ ಕಡೆ ಇರಲಿ. ತಿರುಗಿಸಬೇಡಿ.”

“ಹೋಗ್ರೀ, ನಾನೇನು ಹೊಸಬನಾ? ಎಷ್ಟು ವಿಡಿಯೋ ನೋಡಿದೀನಿ” ಎಂದು ಅವರು ತಿರುಗಿಸಿದರು.

ಡ್ರೋನ್ ತಾರಸಿಯ ಅಂಚುಗೋಡೆ ದಾಟಿತು. “ಎಡಕ್ಕೆ ಸಾರ್! ಅಲ್ಲ, ಬಲಕ್ಕೆ! ಅಂದ್ರೆ ನಿಮ್ಮ ಎಡಕ್ಕೆ!” ಎಂದು ದುಂಬಿ ಕೂಗುವಷ್ಟರಲ್ಲಿ ಅದು ಬೀದಿಗೆ ಧುಮುಕಿ ಟೈಲರಂಗಡಿಯ ಬಾಗಿಲ ಮುಂದೆ ಸುಳಿಯಿತು. ಅಳತೆಗೆಂದು ಕತ್ತರಿಸಿಟ್ಟ ಕಾಗದದ ತೋಳು, ಕಾಲರು, ಜೇಬುಗಳೆಲ್ಲ ಎದ್ದು ಬೀದಿಯಲ್ಲಿ ಹಾರಾಡಿದವು. ಟೈಲರ್ ಎಚ್ಚರಗೊಂಡ. ಈ ಸಲ ಅವನ ಬಾಯಲ್ಲಿ ಗುಂಡುಸೂಜಿ ಇರಲಿಲ್ಲ. ಅವನು ಅಂದದ್ದು ನಾಲ್ಕೂ ಮಹಡಿಗೆ ಸ್ಪಷ್ಟವಾಗಿ ಕೇಳಿಸಿತು.

ಕಾರ್ಯದರ್ಶಿ ಗಾಬರಿಯಿಂದ ರಿಮೋಟಿನ ಕಡ್ಡಿಯನ್ನು ಮೇಲಕ್ಕೊತ್ತಿದರು. ಡ್ರೋನ್ ರೊಯ್ಯನೆ ಮೇಲೆದ್ದು ನೇರ ಅವರ ಮುಖಕ್ಕೇ ಬಂತು. ಅವರು ರಿಮೋಟನ್ನು ದುಂಬಿಯ ಕೈಗೆ ತುರುಕಿ, ತಮ್ಮ ವಯಸ್ಸಿಗೆ ಒಪ್ಪದ ವೇಗದಲ್ಲಿ ಮೆಟ್ಟಿಲಿಳಿದು ಮಾಯವಾದರು.

ಮೂತಿ ದುಂಬಿಯ ಕಡೆಗೇ ಇತ್ತು. ಯೋಚಿಸಲು ಹೊತ್ತಿರಲಿಲ್ಲ. ಹೆಬ್ಬೆರಳುಗಳು ತಮ್ಮಷ್ಟಕ್ಕೆ ತಾವೇ ಅಲುಗಿದವು. ಡ್ರೋನ್ ವಾಲಿತು, ತಡೆದು ನಿಂತಿತು, ಟ್ಯಾಂಕನ್ನು ಸುತ್ತಿ ಬಂದು ಅವನ ಪಾದದ ಬಳಿ ಹೂವಿನಂತೆ ಇಳಿಯಿತು. ದುಂಬಿ ಉಸಿರು ಬಿಡುವುದನ್ನೂ ಮರೆತು ತನ್ನ ಬೆರಳುಗಳನ್ನೇ ನೋಡಿದ. ಬಂದುಬಿಟ್ಟಿತ್ತು! ಎಷ್ಟೋ ತಿಂಗಳು ಕಾದ ವಿದ್ಯೆ ಬಂದುಬಿಟ್ಟಿತ್ತು!

ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು. ಟೈಲರ್ ಬಂದ, ದೊಡ್ಡಮ್ಮ ಬಂದರು, ಹೆಂಡತಿ ಬಂದಳು. ಎಲ್ಲರಿಗಿಂತ ಮುಂದೆ, ಏದುಸಿರು ಬಿಡುತ್ತ, ಕಾರ್ಯದರ್ಶಿ.

“ಏನ್ರೀ ಇದು?” ಅವರು ಗುಡುಗಿದರು. “ಜನ ಬದುಕೋದು ಬೇಡ್ವಾ? ಕೊಡಿ ಕೀ! ಈ ಡ್ರೋನೂ ಸಂಘದ ವಶಕ್ಕೆ.” ಅದನ್ನು ಅವರು ಹಸುಗೂಸನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡರು.

ದುಂಬಿ ಬಾಯಿ ತೆರೆದ. ಟೈಲರನ ಬೆನ್ನ ಹಿಂದೆ ಸರಿದ ಕಾರ್ಯದರ್ಶಿ ಅವನತ್ತ ಎರಡೂ ಕೈ ಜೋಡಿಸಿದರು. ದುಂಬಿ ಬಾಯಿ ಮುಚ್ಚಿದ.

“ರೀ, ಇದು ನಮ್ಮದಲ್ವಲ್ಲ” ಎಂದಳು ಹೆಂಡತಿ ನಿಧಾನವಾಗಿ. “ಓಹೋ, ನಂಗೆ ಹೇಳದೆ ಇನ್ನೊಂದು ತಂದಿದೀರಾ?” ಅವಳು ದಡದಡ ಕೆಳಗೆ ಹೋಗಿ ದುಂಬಿಯ ಡ್ರೋನನ್ನು ಡಬ್ಬಿಯ ಸಮೇತ ತಂದಳು. “ತಗೊಳಿ ಸಾರ್, ಇದನ್ನೂ ಇಟ್ಕೊಳಿ. ವಾಪಸ್ ಕೇಳಿದ್ರೆ ಕೊಡಬೇಡಿ.”

“ಛೆ ಛೆ, ಇದೆಲ್ಲ ಯಾಕಮ್ಮಾ” ಎನ್ನುತ್ತಲೇ ಕಾರ್ಯದರ್ಶಿ ಅದನ್ನೂ ಕಂಕುಳಿಗೆ ಸೇರಿಸಿದರು.

ಎಲ್ಲರೂ ಇಳಿದುಹೋದರು. ಕೊನೆಗೆ ಉಳಿದ ಕಾರ್ಯದರ್ಶಿ ತಾರಸಿಗೆ ಬೀಗ ಹಾಕಿ, ಎರಡು ಡ್ರೋನುಗಳ ನಡುವಿನಿಂದ ತಲೆ ಬಗ್ಗಿಸಿ ದುಂಬಿಯ ಕಿವಿಯಲ್ಲಿ ಪಿಸುಗುಟ್ಟಿದರು. “ಮೂತಿ ನಮ್ಮ ಕಡೆಗಿದ್ರೂ ಇಳಿಸಿದ್ರಲ್ಲ, ಮೆಟ್ಟಿಲ ಸಂದಿಯಿಂದ ನೋಡಿದೆ. ಎಂಥಾ ಕೈ ರೀ ನಿಮ್ದು! ನಾಳೆ ನಂಗೂ ಅದನ್ನೇ ಹೇಳಿಕೊಡಿ.”

ಕೀ ಹೋಗಿತ್ತು, ಡ್ರೋನ್ ಹೋಗಿತ್ತು, ಮನೆಯಲ್ಲಿ ಮಾತೂ ನಿಲ್ಲುವುದಿತ್ತು. ಆದರೂ ಒಬ್ಬರಾದರೂ ನೋಡಿದ್ದರಲ್ಲ! ದುಂಬಿಯ ಮುಖ ಅರಳಿತು.

“ಎಷ್ಟು ಹೊತ್ತಿಗೆ ಬರಲಿ ಸಾರ್?” ಎಂದ.