ನನಗಿಂತ ಮೊದಲು ಹೊರಟ ಚೀಲ

ಚೀಲದ ಹಿಡಿಗೆ ಅರಿಶಿನದ ಬಟ್ಟೆಯ ಒಂದು ಪುಟ್ಟ ಗಂಟು. ಗಂಟಿನೊಳಗೆ ಒಂದು ಹಿಡಿ ಅಕ್ಕಿ, ಒಂದು ಬಟ್ಟಲಡಿಕೆ. ಗಂಟು ಕಟ್ಟಿದವರು ನಮ್ಮಮ್ಮ. ಚೀಲ ನನ್ನದು. ಅದು ಕುಳಿತಿದ್ದದ್ದು ಮಾತ್ರ ನಮ್ಮ ಮನೆಯಲ್ಲಲ್ಲ; ಪಕ್ಕದ ಗೌರಮ್ಮನವರ ನಡುಮನೆಯಲ್ಲಿ, ಬಂದವರಿಗೆಲ್ಲ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ.

ಊರು ಬಿಡುವ ಸುದ್ದಿಯನ್ನು ಬೀದಿಗೆಲ್ಲ ಹೇಳಿ ಹೊರಡುವವರಿದ್ದಾರೆ, ಹೋಗಿ ಬಂದ ಮೇಲೂ ಬಾಯಿಬಿಡದವರಿದ್ದಾರೆ. ನಾನು ಎರಡನೆಯ ಗುಂಪಿನವಳು. ಇದರಲ್ಲಿ ಗುಟ್ಟೇನೂ ಇಲ್ಲ, ಸ್ವಭಾವ ಅಷ್ಟೆ. ಅರಸೀಕೆರೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಎಂ.ಎ. ಓದಿ, ಮತ್ತೆ ಅರಸೀಕೆರೆಯ ಹುಡುಗಿಯರ ಹೈಸ್ಕೂಲಿಗೇ ಚರಿತ್ರೆ ಹೇಳಲು ಬಂದವಳಿಗೆ ಬೀದಿಯಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ "ಟಿಕೆಟ್ ಕೊಡೋ ರಾಯರ ಮಗಳಲ್ವಾ?" ಎನ್ನುವ ಒಂದು ದನಿಯಾದರೂ ಕೇಳಿಸದೆ ಇರುವುದಿಲ್ಲ. ಅಪ್ಪ ಸ್ಟೇಷನ್ನಿನ ಬುಕಿಂಗ್ ಗುಮಾಸ್ತರಾಗಿದ್ದು ನಿವೃತ್ತರಾಗಿ ವರ್ಷಗಳಾದವು. ಊರಿನ ಲೆಕ್ಕದಲ್ಲಿ ಅವರು ಈಗಲೂ ಟಿಕೆಟ್ ಕೊಡುತ್ತಲೇ ಇದ್ದಾರೆ. ಯಾರ ಮಗಳೆಂದು ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ ಒಂದೇ ಒಂದು ದಿನ ಓಡಾಡಬೇಕು ಎನ್ನುವುದು ನನ್ನ ಬಹುದಿನದ ಆಸೆ. ಅಂಥ ಜಾಗವೆಂದರೆ ಬೆಂಗಳೂರು. ಅಲ್ಲಿ ನನ್ನ ಜೊತೆ ಓದಿದ ವಿಮಲಾ ಕೆಲಸದಲ್ಲಿದ್ದಳು.

ಇಬ್ಬರೂ ಸೇರಿ ಕಾರ್ಯಕ್ರಮ ಹಾಕಿಕೊಂಡೆವು. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನದ ರೈಲು ಹತ್ತುವುದು. ಸಂಜೆ ಒಂದು ಇಂಗ್ಲಿಷ್ ಸಿನಿಮಾ. ಭಾನುವಾರ ಲಾಲ್‌ಬಾಗಿನಲ್ಲಿ ತಿರುಗಾಟ, ಹೊಟೇಲಿನಲ್ಲಿ ಮಸಾಲೆ ದೋಸೆ, ಆಮೇಲೆ ದಂಡು ಪ್ರದೇಶದ ಅಂಗಡಿಗಳ ಗಾಜಿನ ಮುಂದೆ ಏನನ್ನೂ ಕೊಳ್ಳದೆ ನಿಲ್ಲುವುದು. ಯಾವ ನೆಂಟರ ಮನೆಗೂ ಹೋಗಕೂಡದು ಎಂಬುದು ಕಾರ್ಯಕ್ರಮದ ಮುಖ್ಯ ಭಾಗ. ಅದನ್ನು ಮಾತ್ರ ಮನೆಯಲ್ಲಿ ಹೇಳಲಿಲ್ಲ.

ನಮ್ಮ ಮನೆಯಲ್ಲಿ ಅಪ್ಪನಿಗೆ ರೈಲಿನ ಟೈಂಟೇಬಲ್ಲು ಬಾಯಿಪಾಠ, ಅಮ್ಮನಿಗೆ ಪಂಚಾಂಗ. ಎರಡೂ ಒಪ್ಪಿದ ದಿನ ಮಾತ್ರ ಯಾರಾದರೂ ಹೊರಡಬಹುದು. ಅಪ್ಪ ಕೂಡಲೇ ಒಪ್ಪಿದರು. ಅಮ್ಮ ಕನ್ನಡಕ ಏರಿಸಿ, "ಶನಿವಾರ ಪೂರ್ವಕ್ಕೆ ಶೂಲೆ ಕಣೇ, ಆ ದಿಕ್ಕಿಗೆ ಹೊರಡಬಾರದು. ಬೆಂಗಳೂರು ಇರೋದು ಪೂರ್ವಕ್ಕೇ. ಶುಕ್ರವಾರವೇ ಹೊರಡು" ಎಂದರು.

"ಶುಕ್ರವಾರ ಶಾಲೆ ಇದೆಯಲ್ಲಮ್ಮ."

"ಶಾಲೆ ನಿನಗೆ ತಾನೇ, ಚೀಲಕ್ಕಲ್ವಲ್ಲ? ಪ್ರಸ್ಥಾನ ಇಟ್ಟರಾಯ್ತು. ಚೀಲ ಶುಕ್ರವಾರ ಒಳ್ಳೆ ಹೊತ್ತಲ್ಲಿ ಹೊರಟುಬಿಡತ್ತೆ. ಶನಿವಾರ ನೀನು ಹೋಗಿ ಅದನ್ನ ಸೇರ್ಕೋ."

ಪ್ರಸ್ಥಾನವೆಂದರೆ ಇಷ್ಟೇ: ಹೊರಡಬೇಕಾದ ದಿನ ಚೆನ್ನಾಗಿಲ್ಲದಿದ್ದರೆ, ಚೆನ್ನಾಗಿರುವ ದಿನ ಪ್ರಯಾಣದ ಗಂಟನ್ನು ಇನ್ನೊಬ್ಬರ ಮನೆಗೆ ಸಾಗಿಸಿಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ ಲೆಕ್ಕ. ಗ್ರಹಗಳು ಚೀಲವನ್ನು ನೋಡಿ ನನ್ನನ್ನು ಮರೆಯುತ್ತವೆ ಎಂದು ನಂಬುವುದು ಚರಿತ್ರೆಯ ಎಂ.ಎ.ಗೆ ಸ್ವಲ್ಪ ಕಷ್ಟ. ಆದರೆ ವಾದಿಸಿದರೆ ಪ್ರಯಾಣವೇ ನಿಂತುಹೋದೀತೆಂದು ಚೀಲವನ್ನು ಪೂರ್ವದಿಕ್ಕಿನ ನೆರೆಮನೆಗೆ ಒಯ್ದಿಟ್ಟೆ. ಅದು ಗೌರಮ್ಮನವರ ಮನೆ. ಅವರ ಯಜಮಾನರದು ಕೊಬ್ಬರಿ ಮಂಡಿ. ವ್ಯಾಪಾರಕ್ಕೆಂದು ಅವರೂ ಅದೇ ಶನಿವಾರ ಅದೇ ರೈಲಿಗೆ ಹೊರಟಿದ್ದರು.

ನಾನು ಮರೆತದ್ದು ಒಂದೇ. ಕೊಬ್ಬರಿ ವ್ಯಾಪಾರಿಯ ನಡುಮನೆಗೆ ಬರದವರು ಊರಲ್ಲಿ ಯಾರೂ ಇಲ್ಲ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಚೀಲದ ದರ್ಶನ ಮಾಡಿ ನಮ್ಮ ಮನೆಗೆ ಬಂದರು. ಒಬ್ಬರಿಗೆ ಬೆಂಗಳೂರಿನ ಬಿಳಿ ಬದನೆಯ ಬೀಜ ಬೇಕು. ಇನ್ನೊಬ್ಬರಿಗೆ ನಾದಿನಿಯ ಮನೆಯ ಕ್ಷೇಮಸಮಾಚಾರ. ಮತ್ತೊಬ್ಬರು ಏನನ್ನೂ ಕೇಳದೆ ನನ್ನನ್ನೇ ದಿಟ್ಟಿಸಿ, "ಹುಡುಗ ಏನು ಮಾಡ್ತಾ ಇದ್ದಾನೆ?" ಎಂದರು. ಹೆಣ್ಣುಮಗಳೊಬ್ಬಳು ಎರಡು ದಿನ ಸುಮ್ಮನೆ ಬೆಂಗಳೂರಿಗೆ ಹೋಗುವುದುಂಟೇ?

ಇಷ್ಟಾದರೂ ಹೋಗುವುದಂತೂ ನಿಶ್ಚಯ ಎಂದುಕೊಂಡು ಶನಿವಾರ ಶಾಲೆಗೆ ಹೋದೆ. ಬಾಗಿಲಲ್ಲಿ ಒಂದು ಕಾರು. ಬೆಂಗಳೂರಿನಿಂದ ಶಾಲಾ ತನಿಖೆಯ ಅಧಿಕಾರಿಣಿ ಬಂದಿದ್ದರು, ಜೊತೆಗೆ ಅವರ ತಂಗಿ. ತನಿಖೆ ಬಹಳ ಬೇಗ ಮುಗಿಯಿತು. ಆಮೇಲೆ ಅವರು, "ಹೇಗೂ ಇಲ್ಲಿವರೆಗೆ ಬಂದಿದೀವಿ, ಹಳೇಬೀಡು ಬೇಲೂರು ನೋಡ್ಕೊಂಡು ಹೋಗೋಣ ಅಂತ" ಎಂದರು. ನಮ್ಮ ಮುಖ್ಯೋಪಾಧ್ಯಾಯಿನಿ ಅರಳಿದ ಮುಖದಿಂದ ನನ್ನತ್ತ ತಿರುಗಿ, "ನಮ್ಮ ಶಾರದಾ ಇದ್ದಾರಲ್ಲ! ಒಂದೊಂದು ಕಲ್ಲಿನ ಕಥೆಯೂ ಹೇಳ್ತಾರೆ" ಎಂದುಬಿಟ್ಟರು.

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆದರೂ ಧೈರ್ಯ ಮಾಡಿ, "ನಾನು ಇವತ್ತು ಬೆಂಗಳೂರಿಗೆ..." ಎಂದು ಶುರುಮಾಡಿದೆ.

"ಅಯ್ಯೋ, ಅಲ್ಲೇನಿದೆಯಮ್ಮ ನೋಡೋಕೆ!" ಎಂದು ತಂಗಿ ನಕ್ಕರು. "ಭಾನುವಾರ ಬಂದ್ರೆ ಎಲ್ಲಿಗೆ ಓಡಿಹೋಗೋಣ ಅಂತಿರ್ತೀವಿ ನಾವು."

ಕಾರನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಮನೆಯೊಳಗೆ ಓಡಿದೆ. ಮಗಳ ಪ್ರಯಾಣ ತಪ್ಪಿದ್ದಕ್ಕೆ ಅಮ್ಮನಿಗೆ ಬೇಸರವಾದಂತೆ ಕಾಣಲಿಲ್ಲ. ಅವರ ಚಿಂತೆಯೆಲ್ಲ ಚೀಲದ್ದು.

"ಪ್ರಸ್ಥಾನ ಇಟ್ಟದ್ದನ್ನ ವಾಪಸು ಮನೆಗೆ ತರೋ ಹಾಗಿಲ್ಲವಲ್ಲೇ! ಅಲ್ಲಿಂದ ಮುಂದಕ್ಕೇ ಹೋಗಬೇಕು."

ಗೌರಮ್ಮ ಗೋಡೆಯಾಚೆಯಿಂದಲೇ ಪರಿಹಾರ ಕೊಟ್ಟರು: "ಅದಕ್ಯಾಕೆ ಅಷ್ಟು ಯೋಚ್ನೆ ಮಾಡ್ತೀರಿ ಕಣ್ರೀ? ನಮ್ಮೆಜಮಾನ್ರು ಹೆಂಗೂ ಹೋಯ್ತಾವ್ರೆ. ಚೀಲ ಅವ್ರ ಜತೆ ಹೋಗಿ ಬೆಂಗ್ಳೂರು ನೋಡ್ಕೊಂಡು ಬತ್ತೈತೆ ಬಿಡಿ!"

"ಒಂದು ಸೀರೆಯನ್ನಾದರೂ ಅದರಿಂದ ತೆಗೆದುಕೊಳ್ಳುತ್ತೇನೆ" ಎಂದೆ.

"ಹೊರಟ ಚೀಲಕ್ಕೆ ಕೈಹಾಕ್ತಾರೇನೇ? ಸಾಯಂಕಾಲಕ್ಕೆ ಬಂದುಬಿಡ್ತೀಯಲ್ಲ" ಎಂದರು ಅಮ್ಮ.

ಹೀಗೆ ನನ್ನ ಚೀಲ ಬೆಂಗಳೂರಿಗೆ ಹೋಯಿತು. ಸ್ಟೇಷನ್ನಿಗೆ ಬಂದಿದ್ದ ವಿಮಲಾ ಚೀಲದ ಗುರುತು ಹಿಡಿದು, ಗೌರಮ್ಮನವರ ಯಜಮಾನರಿಂದ ಗೆಳತಿಯ ಬದಲು ಗೆಳತಿಯ ಸಾಮಾನನ್ನು ಬರಮಾಡಿಕೊಂಡಳಂತೆ. ಅವಳು ಸುಮ್ಮನಿರುವ ಹುಡುಗಿಯಲ್ಲ. ಮರುದಿನ ಕಾರ್ಯಕ್ರಮದಂತೆ ಚೀಲವನ್ನು ಲಾಲ್‌ಬಾಗಿನಲ್ಲಿ ತಿರುಗಿಸಿ, ಹೊಟೇಲಿನಲ್ಲಿ ಎದುರು ಕುರ್ಚಿಯಲ್ಲಿ ಕೂರಿಸಿ, ನನ್ನ ಪಾಲಿನ ದೋಸೆಯನ್ನೂ ತಾನೇ ತಿಂದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅತ್ತ ಚೀಲ ರೈಲಿನಲ್ಲಿ ಹೋಗುತ್ತಿದ್ದಾಗ ಇತ್ತ ನಾನು ಹಳೇಬೀಡಿನಲ್ಲಿ ಅಕ್ಕತಂಗಿಯರಿಗೆ ಆನೆಯ ಸಾಲು, ಕುದುರೆಯ ಸಾಲು ತೋರಿಸುತ್ತಿದ್ದೆ. ಅಕ್ಕ ಎಲ್ಲವನ್ನೂ ತನಿಖೆ ಮಾಡುವವರಂತೆ ನೋಡಿದರು. ತಂಗಿ ಪ್ರತಿ ಮೂಲೆಯಲ್ಲೂ, "ಇಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗತ್ತೆ?" ಎಂದು ಕೇಳಿದರು. ನನಗೆ ಹೊಯ್ಸಳರ ಕಾಫಿಯ ಬಗ್ಗೆ ಹೇಳಲು ಏನೂ ಇರಲಿಲ್ಲ. ಬೇಲೂರು ಸೇರುವಾಗ ಹೊತ್ತು ಮುಳುಗಿತ್ತು. ದೇವಸ್ಥಾನವನ್ನು ದೀಪದ ಬೆಳಕಿನಲ್ಲಿ ಅವಸರವಾಗಿ ಸುತ್ತಿದ್ದಾಯಿತು. ಪ್ರವಾಸಿ ಬಂಗಲೆಯಲ್ಲಿಯೇ ತಂಗುವುದೆಂದೂ ಆಯಿತು. ಅರಸೀಕೆರೆಗೆ ಹೊರಟಿದ್ದ ಬಸ್ಸಿನ ಕಂಡಕ್ಟರನ ಕೈಲಿ ಅಮ್ಮನಿಗೆ ಹೇಳಿಕಳಿಸಿದೆ. ದಿನವಿಡೀ ಧೂಳು ತಿಂದ ನನ್ನ ನೂಲಿನ ಸೀರೆಯನ್ನು ನೋಡಿ ಅಧಿಕಾರಿಣಿಗೆ ಕನಿಕರವಾಗಿರಬೇಕು. ತಮ್ಮ ಪೆಟ್ಟಿಗೆಯಿಂದ ಒಂದು ನೈಲಾನ್ ಸೀರೆ ತೆಗೆದು, "ಉಟ್ಕೋಮ್ಮ, ಆಮೇಲೆ ನಿಧಾನವಾಗಿ ಕಳಿಸು" ಎಂದರು. ನಸುಗೆಂಪು ಬಣ್ಣ, ಮೇಲೆ ಬಿಳಿಯ ಹೂವು. ಅಂಥದ್ದನ್ನು ನಾನು ಕೊಳ್ಳುವುದಿರಲಿ, ಕೈಯಲ್ಲಿ ಮುಟ್ಟಿಯೂ ನೋಡಿರಲಿಲ್ಲ.

ಬೆಳಗಾಗುತ್ತಲೇ ಅಕ್ಕತಂಗಿಯರು ಚಿಕ್ಕಮಗಳೂರಿನ ಕಡೆ ಹೊರಟರು. ನನ್ನ ಸೀರೆ ಒಗೆದದ್ದು ಇನ್ನೂ ಒಣಗಿರಲಿಲ್ಲ; ಬಸ್ಸಿಗೂ ಬೇಕಾದಷ್ಟು ಹೊತ್ತಿತ್ತು. ನೈಲಾನ್ ಸೀರೆಯಲ್ಲಿಯೇ ದೇವಸ್ಥಾನದವರೆಗೆ ನಡೆದೆ. ಅಲ್ಲಿನ ಹಳೆಯ ಗೈಡುಗಳಿಗೆಲ್ಲ ನನ್ನ ಪರಿಚಯವುಂಟು. ವರ್ಷಕ್ಕೊಮ್ಮೆ ಹುಡುಗಿಯರ ಹಿಂಡು ಕಟ್ಟಿಕೊಂಡು ಹೋಗುವವಳು ನಾನು. ಆ ಹೊತ್ತಿಗೆ ಬಾಗಿಲಲ್ಲಿದ್ದದ್ದು ಹೊಸಬನೊಬ್ಬ. ಸೀರೆಯನ್ನು ಕಂಡು ಎದ್ದು ಬಂದ.

"ಬನ್ನಿ ಮೇಡಂ, ಬೆಂಗಳೂರಿಂದ ಬಂದ್ರಾ?"

ಇಲ್ಲವೆನ್ನಲು ಬಾಯಿ ತೆರೆದೆ. "ಹೌದು" ಎಂಬ ಮಾತು ಹೊರಬಂತು.

ಆತ ಮುಂದೆ, ನಾನು ಹಿಂದೆ. ನನ್ನ ಹುಡುಗಿಯರು ಕೇಳಿ ನನ್ನಿಂದ ಗದರಿಸಿಕೊಳ್ಳುವ ಪ್ರಶ್ನೆಗಳನ್ನೆಲ್ಲ ನಾನೂ ಕೇಳಿದೆ. ಆ ಮದನಿಕೆಗೆ ನಿಂತು ನಿಂತು ಕಾಲು ನೋಯುವುದಿಲ್ಲವೇ ಎಂದೂ ಕೇಳಿದೆ. ಆತ ಯಾರ ಮಗಳೆಂದು ವಿಚಾರಿಸಲಿಲ್ಲ, ಹುಡುಗ ಏನು ಮಾಡುತ್ತಾನೆಂದೂ ಕೇಳಲಿಲ್ಲ. ನವರಂಗದ ಕಂಬದ ಬಳಿ ನಿಂತು ಗಂಭೀರವಾಗಿ ಹೇಳಿದ: "ಹೊಯ್ಸಳ ರಾಜರು ಹಂಪೆಯಿಂದ ಬಂದು ಇದನ್ನ ಕಟ್ಟಿಸಿದ್ರು ಮೇಡಂ."

ತಪ್ಪು ತಿದ್ದಲು ನನ್ನ ಬಲಗೈಯ ತೋರುಬೆರಳು ತಾನಾಗಿಯೇ ಮೇಲೆದ್ದಿತು. ಆತ ಅನುಮಾನದಿಂದ ನನ್ನನ್ನೇ ನೋಡಿದ.

"ಮೇಡಂ ಟೀಚರ್ರಾ?"

"ಅಲ್ಲಪ್ಪ" ಎಂದು ಬೆರಳನ್ನು ಸೆರಗಿನೊಳಗೆ ಎಳೆದುಕೊಂಡೆ. "ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ."

ಆತ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದ. ನಾನು ಕಣ್ಣರಳಿಸಿ, "ಹೌದಾ! ಹಂಪೆಯಿಂದಲೇ?" ಎಂದು ಬೆರಗಾದೆ.