ಮಾವನ ರಾಕ್ಷಸ, ಭಾಗ ಎರಡು

ನಮ್ಮ ಸೋದರಮಾವನಷ್ಟು ಕೆಟ್ಟದಾಗಿ ಸಿನಿಮಾ ತೆಗೆಯುವವರು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಜಾಲಾಡಿದರೂ ಸಿಗುವುದಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ ಕಣ್ರೀ, ಅವನ ಸಿನಿಮಾದ ಹೀರೋ ನಾನೇ! ನಕ್ಕುಬಿಡಿ, ಪರವಾಗಿಲ್ಲ. ನಾನೂ ಬೇಕಾದಷ್ಟು ನಕ್ಕಿದ್ದೇನೆ. ಈಗ ಮಾತ್ರ ಅದನ್ನು ನೆನೆದರೆ ಅಷ್ಟು ಸಲೀಸಾಗಿ ನಗು ಬರುವುದಿಲ್ಲ. ಹಾಗಂತ ಅದರ ದೋಷಗಳನ್ನು ಹೇಳದೆ ಬಿಡುವ ಆಸಾಮಿ ನಾನಲ್ಲ.

ಮಾವ ಕಡೂರಿನಲ್ಲಿ ಮದುವೆ ವಿಡಿಯೋ ತೆಗೆಯುವವನು. ಮೂವತ್ತು ವರ್ಷ ಧಾರೆ, ತಾಳಿ, ಊಟದ ಪಂಕ್ತಿ ತೆಗೆದು ಪಳಗಿದ ಕೈ. ಎದುರಿಗೆ ರಾಕ್ಷಸ ಬಂದ ಅಂತ ಆ ಕೈ ಬದಲಾದೀತೇ? ಮೊದಲ ಭಾಗದಲ್ಲಿ ರಾಕ್ಷಸ ಕೆರೆಯಿಂದ ಎದ್ದು ಬರುವಾಗ ಪರದೆಯ ನಾಲ್ಕೂ ಮೂಲೆಯಿಂದ ಗುಲಾಬಿ ದಳ ಉದುರುತ್ತವೆ. ಅದು ನನ್ನ ಕುತ್ತಿಗೆ ಹಿಸುಕುವಾಗ ಸುತ್ತಲೂ ಹೃದಯದ ಆಕಾರದ ಚೌಕಟ್ಟು! ನಾನು ಪ್ರಾಣಭಯದಿಂದ ಕಣ್ಣರಳಿಸಿ ನಿಂತಿದ್ದರೆ ಕ್ಯಾಮೆರಾ ಹಿಂದಿನಿಂದ, "ಇಬ್ರೂ ಇನ್ನೊಂಚೂರು ಹತ್ರ ಬನ್ನಿ, ಹಾಂ, ಇಲ್ನೋಡಿ, ನಗಿ!" ಎಂಬ ಕೂಗು. ನಾನು ನಕ್ಕೇಬಿಟ್ಟೆ. ಆ ನಗು ಸಿನಿಮಾದಲ್ಲಿ ಹಾಗೇ ಇದೆ.

ಇನ್ನು ರಾಕ್ಷಸನ ವಿಚಾರ. ವೇಷ ಹೊಲಿಯುವ ಕೆಲಸ ಮಾವ ತನ್ನ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ ವಹಿಸಿದ್ದ. ಅತ್ತೆ ಬ್ಲೌಸ್ ಹೊಲಿಯುವುದರಲ್ಲಿ ಎತ್ತಿದ ಕೈ. ಗೋಣಿತಾಟು, ತೆಂಗಿನ ನಾರು, ಟ್ರ್ಯಾಕ್ಟರ್ ಟ್ಯೂಬಿನ ರಬ್ಬರು ಎಲ್ಲ ಸೇರಿಸಿ ಹದಿನೈದು ದಿನ ಹೊಲಿದಳು. ಕೊನೆಗೆ ನೋಡಿದರೆ ವೇಷ ಯಾವ ಗಂಡಸಿನ ಮೈಗೂ ಆಗುತ್ತಿಲ್ಲ.

"ಯಾರ ಅಳತೆಗೆ ಹೊಲ್ದೆ ಇದ್ನ?" ಎಂದು ಮಾವ ತಲೆ ಚಚ್ಚಿಕೊಂಡ.

"ಅಳತೆ ಕೊಡಿ ಅಂತ ಬಡ್ಕೊಂಡೆ, ಒಬ್ರಾದ್ರೂ ಬಂದ್ರಾ? ನನ್ನ ಅಳತೆಗೇ ಹೊಲ್ದೆ. ಈಗ ನಾನೇ ಹಾಕ್ಕೊತೀನಿ, ಬಿಡಿ!"

ಹೀಗೆ ನಮ್ಮ ರಾಕ್ಷಸ ಐದಡಿಯಾಯಿತು. ನನ್ನ ಎದೆಮಟ್ಟ ಬರುತ್ತಿತ್ತು. ಕುತ್ತಿಗೆ ಹಿಸುಕಲು ನಾನೇ ಬಗ್ಗಿ ಕೊಡಬೇಕು. ಕಾಲುವೆ ದಾಟುವಾಗ ಆ ರಾಕ್ಷಸ ಬಗ್ಗಿ, ಇಲ್ಲದ ಸೀರೆಯ ನಿರಿಗೆ ಎತ್ತಿ ಹಿಡಿಯುತ್ತಿತ್ತು. ಹಿರೇನಲ್ಲೂರಿನ ಆಚೆ ಕೆರೆ ಏರಿಯ ಮೇಲೆ ವೀರಭದ್ರನ ಗುಡಿಯಿದೆ. ಊರು ಹಾಳುಮಾಡಲು ಹೊರಟ ರಾಕ್ಷಸ ಅದರ ಮುಂದೆ ನಿಂತು ಗಲ್ಲ ಬಡಿದುಕೊಂಡು ಕೈ ಮುಗಿಯಿತು.

"ಕಟ್! ಕಟ್! ರಾಕ್ಷಸ ಎಲ್ಲಾದ್ರೂ ಕೈ ಮುಗಿತೈತೇನೇ?"

"ನಿಮ್ ರಾಕ್ಷಸ ಏನಾದ್ರೂ ಮಾಡ್ಕೊಳ್ಳಿ. ನಾನಂತೂ ಸ್ವಾಮಿಗೆ ಕೈ ಮುಗೀದೆ ಮುಂದಕ್ಕೆ ಹೋಗಲ್ಲ" ಎಂದಿತು ನಾರಿನೊಳಗಿನ ದನಿ.

ಮೊದಲ ಭಾಗವನ್ನು ನೆಂಟರಿಷ್ಟರು ಮನೆಯ ಟೀವಿಯಲ್ಲಿ ನೋಡಿ ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅತ್ತೆ. ಮುಂದಿನ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮೂರೇ ತಿಂಗಳು. ಹೋಗಿಬಿಟ್ಟಳು. ಮಾವ ಮದುವೆಗಳನ್ನು ಒಪ್ಪಿಕೊಳ್ಳುವುದನ್ನೇ ಬಿಟ್ಟ. ಊಟಕ್ಕೆ ಕರೆದರೆ ಬಂದು ತಟ್ಟೆ ಮುಂದೆ ಸುಮ್ಮನೆ ಕೂರುತ್ತಿದ್ದ. ಅವನನ್ನು ಹಾಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಒಂದು ದಿನ ಬಂದು, "ಲೇ, ಭಾಗ ಎರಡು ತೆಗೆಯೋಣ" ಎಂದ. ಅವನು ಏನು ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ.

ರಾಕ್ಷಸ ಯಾರು? ನಾನೊಂದು ಉಪಾಯ ಹೇಳಿದೆ: "ಪಕ್ಕದ ಹೊಲಿಗೆ ಬಿಚ್ಚಿ ಒಂದ್ ಪಟ್ಟಿ ಕೊಟ್ರೆ ಯಾರಿಗಾದ್ರೂ ಆಯ್ತದೆ ಮಾವ."

"ಅವಳ ಹೊಲಿಗೆ ಬಿಚ್ಚೋದು ಬ್ಯಾಡ."

ಅಲ್ಲಿಗೆ ಮಾತು ಮುಗಿಯಿತು. ಮೊದಲ ಭಾಗದಲ್ಲಿ ತೆಗೆದು ಉಳಿದಿದ್ದ ಅತ್ತೆಯ ದೃಶ್ಯಗಳನ್ನೇ ಎರಡನೆಯದಕ್ಕೂ ಸೇರಿಸಿದ. ಅವು ಮಳೆಗಾಲದವು. ನಾನು ಓಡಿದ್ದು ಬೇಸಿಗೆಯಲ್ಲಿ. ರಾಕ್ಷಸ ತುಂಬಿದ ಕೆರೆಯಲ್ಲಿ ನಿಂತು ಗರ್ಜಿಸುತ್ತದೆ, ನಾನು ಅದೇ ಕೆರೆಯ ಬಿರುಕುಬಿಟ್ಟ ಅಂಗಳದಲ್ಲಿ ಧೂಳೆಬ್ಬಿಸಿಕೊಂಡು ಓಡುತ್ತೇನೆ! ಒಂದೇ ಕಾಲುವೆಯನ್ನು ರಾಕ್ಷಸ ಎಂಟು ಸಲ ದಾಟುತ್ತದೆ. ನನಗಂತೂ ಬರೀ ಗಾಳಿಯ ಜೊತೆ ಕುಸ್ತಿ. ಕುರಿ ಕಾಯುತ್ತಿದ್ದ ಮುದುಕರೊಬ್ಬರು ನನ್ನನ್ನು ನೋಡಿ, "ಯಾವ ಗಾಳಿ ಮೆಟ್ಕೊಂತಪ್ಪಾ ಇವನಿಗೆ" ಎಂದು ಮರುಗಿದರು.

ಇಷ್ಟಾದರೂ ಮಾವನಿಗೆ ಇದ್ದದ್ದು ಒಂದೇ ಆಸೆ. "ನಾಕು ಜನ ಅವಳನ್ನ ನೋಡ್ಬೇಕು ಕಣೋ. ಇನ್ನೇನೂ ಬ್ಯಾಡ ನಂಗೆ." ಅದಕ್ಕೇ ತರೀಕೆರೆಯಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವ ಒಬ್ಬನನ್ನು ಕರೆಸಿ ತೋರಿಸಿದ. ಅವನು ಆಕಳಿಸುತ್ತ ನೋಡಿದ.

"ಇದೇನ್ ಸಾರ್, ರಾಕ್ಷಸ ನಮ್ಮಮ್ಮನ ಥರ ನಡೀತೈತೆ!" ಎಂದ. ಮಾವನ ಮುಖ ಅರಳಿತು. ಚಾನೆಲ್‌ನವನು ಮುಂದುವರಿಸಿದ: "ಅದೇ ಜನಕ್ಕೆ ಇಷ್ಟ ಆಗೋದು. ಚಾನೆಲ್‌ಗೆ ಹಾಕ್ತೀನಿ. ಆದ್ರೆ ಕೊನೆ ಇಲ್ವಲ್ಲ? ರಾಕ್ಷಸ ಉರಿದು ಸಾಯ್ಬೇಕು. ಅದಿಲ್ದಿದ್ರೆ ಬ್ಯಾಡ."

ಅವನು ಹೋದ ಮೇಲೆ ನಾನು, "ಬೇರೆ ವೇಷ ಹೊಲಿಸಿ ಸುಟ್ರಾಯ್ತು" ಎಂದೆ.

"ಹೊಲಿಗೆ ಬೇರೆ ಅಂತ ಗೊತ್ತಾಗಿಬಿಡ್ತದೆ. ಜನಕ್ಕೆ ಮೋಸ ಮಾಡಬಾರ್ದು ಕಣೋ."

ಕೇಳಿದಿರಾ? ಒಂದೇ ಕೆರೆಯನ್ನು ಒಂದೇ ನಿಮಿಷದಲ್ಲಿ ತುಂಬಿಸಿ ಬತ್ತಿಸಿದ ಮನುಷ್ಯ ಹೊಲಿಗೆಯ ಬಗ್ಗೆ ಆಡುವ ಮಾತು! ವಾದ ಮಾಡಿ ಪ್ರಯೋಜನವಿರಲಿಲ್ಲ. ಅತ್ತೆಯನ್ನು ಜನ ನೋಡಬೇಕಾದರೆ ಅವಳು ಹೊಲಿದದ್ದು ಸುಡಬೇಕು. ಸುಡುತ್ತೇನೆ ಅಂತ ಅವನೇ ಗಟ್ಟಿ ಮನಸ್ಸು ಮಾಡಿದ್ದ.

ಒಂದು ಬೆಳಿಗ್ಗೆ ಇಬ್ಬರೇ ಕೆರೆಯಂಗಳಕ್ಕೆ ಹೋದೆವು. ವೇಷದೊಳಗೆ ಭತ್ತದ ಹುಲ್ಲು ತುರುಕಿ, ಕೋಲು ಕೊಟ್ಟು ನಿಲ್ಲಿಸಿದೆವು. ನಾನು ಪಂಜು ಹೊತ್ತಿಸಿ ಓಡಿಬಂದೆ.

"ಕಟ್! ಬಿಸಿಲು ಜಾಸ್ತಿ ಆಯ್ತು."

ಮತ್ತೆ ಓಡಿಬಂದೆ. "ಕಟ್! ಮೋಡ ಬಂತು." ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ಮೂರನೆಯ ಸಲ, "ನಿನ್ನ ಕಾಲರ್ ಸರಿ ಇಲ್ಲ." ನನಗೆ ರೇಗಿಹೋಯಿತು. "ಮಾವ, ಕೈ ಸುಡ್ತಾ ಐತೆ. ಹಚ್ಚಬೇಕೋ ಬ್ಯಾಡ್ವೋ, ಒಂದು ಹೇಳು!"

ಮಾವ ಕ್ಯಾಮೆರಾ ಬಿಟ್ಟು ನಡೆದು ಬಂದ. ವೇಷವನ್ನು ಕೋಲಿನಿಂದ ಬಿಡಿಸಿ ಮೆಲ್ಲಗೆ ನೆಲದ ಮೇಲೆ ಮಲಗಿಸಿ, ಪಕ್ಕದಲ್ಲೇ ಕೂತ. ಕುತ್ತಿಗೆಯ ಗುಂಡಿ ಬಿಚ್ಚಿ, ಒಳಗೆ ಕೈಹಾಕಿ ಹಿಡಿಹಿಡಿ ಹುಲ್ಲು ಹೊರಗೆಳೆಯತೊಡಗಿದ.

"ಮಾವ, ಚಾನೆಲ್‌ನೋನಿಗೆ ಏನ್ ಹೇಳೋದು?"

ಅವನು ತಲೆಯೆತ್ತಲಿಲ್ಲ. "ಹುಲ್ಲು ತಾಕಿದ್ರೆ ಅವಳಿಗೆ ಮೈಯೆಲ್ಲ ಕಡಿತ ಬತ್ತಿತ್ತು ಕಣೋ. ಬೆಳಿಗ್ಗೆಯಿಂದ ತುಂಬಿಟ್ಟಿದೀವಿ. ಬಾ, ಬೇಗ ತೆಗಿ."

ನಾನು ಪಂಜನ್ನು ಮಣ್ಣಿಗೆ ಒತ್ತಿ ಆರಿಸಿ, ಅವನ ಎದುರು ಕೂತು, ತೋಳಿನೊಳಗೆ ಸಿಕ್ಕಿದ್ದ ಹುಲ್ಲನ್ನು ಒಂದೆಳೆಯೂ ಬಿಡದೆ ತೆಗೆಯತೊಡಗಿದೆ.