ಒಂದು ನೈಟ್ರೈಲ್ ರಿಂಗಿನ ಋಣ

1. ಎಣ್ಣೆಯ ಗೆರೆ

“ಅಂಕಲಿಗೆ ಹಿಂಗ ಹೋಗಬೇಕೇನ್ರಿ ಕಾಕಾ?” ಎಂದು ಕಾರಿನಿಂದ ತಲೆ ಹೊರಹಾಕಿ ಕೇಳಿದೆ. ರಾಯಬಾಗ ಬಿಟ್ಟು ಒಂದು ತಾಸಾಗಿತ್ತು. ಎರಡೂ ಕಡೆ ಆಳೆತ್ತರದ ಕಬ್ಬು. ಫೋನಿನ ನಕ್ಷೆಯ ಪ್ರಕಾರ ನಾನು ಕೃಷ್ಣಾ ನದಿಯ ನಟ್ಟನಡುವೆ ಇದ್ದೆ. ಮೂರು ಖಂಡಗಳಲ್ಲಿ ದಾರಿ ತಪ್ಪಿದವಳು ನಾನು; ಇಂಥವು ನನಗೆ ಆಗುತ್ತಲೇ ಇರುತ್ತವೆ. ಆದರೆ ನನ್ನ ಮುಖ ಬಿಟ್ಟು ಕಾರಿನ ಹೊಟ್ಟೆ ನೋಡಿ ದಾರಿ ಹೇಳಿದವರು ಈ ಕಬ್ಬಿನ ರೈತರೊಬ್ಬರೇ.

“ಬಂದ ದಾರಿಗುಂಟ ಎಣ್ಣಿ ಗೆರಿ ಎಳಕೋತ ಬಂದೀರಿ. ತಿರುಗಿ ಹೋದ್ರ ದಾರಿ ತಪ್ಪೂದಿಲ್ಲ. ಮುಂದ ಹೋದ್ರ ಇಂಜಿನ್ ಉಳಿಯೂದಿಲ್ಲ.”

ಬಾನೆಟ್ ಎತ್ತಿ, ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್ ಬಿಚ್ಚಿ ತೋರಿಸಿದರು. ನೆನೆಸಿದ ಕಡಲೆಯ ಹಾಗೆ ಉಬ್ಬಿತ್ತು.

“ಇದು ಬರೇ ರಬ್ಬರ್. ಇಲ್ಲಿಗೆ ನೈಟ್ರೈಲ್ ಬೇಕ್ರಿ.”

“ರಬ್ಬರ್ ಅಂದ್ರ ರಬ್ಬರ್ ಅಲ್ಲೇನ್ರಿ?”

“ಅಳಿಯ ಅಂದ್ರ ಎಲ್ಲಾರೂ ಅಳಿಯಂದ್ರ. ಮಾವನ ಮನ್ಯಾಗ ಎರಡ ದಿನ ಇಟ್ಟ ನೋಡ್ರಿ, ಯಾರ ಉಬ್ಬತಾರ, ಯಾರ ಹಂಗ ಉಳೀತಾರ ತಿಳೀತೈತಿ. ಎಣ್ಣ್ಯಾಗ ಬಿದ್ರೂ ಉಬ್ಬದಾಂವ ನೈಟ್ರೈಲ್.”

ಕೃತಕ ರಬ್ಬರಿಗೆ ಇಷ್ಟು ಸ್ಪಷ್ಟ ವ್ಯಾಖ್ಯೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ನೀರೆತ್ತುವ ಡೀಸೆಲ್ ಇಂಜಿನ್ನಿಗೆಂದು ಡಬ್ಬಿಯಲ್ಲಿಟ್ಟಿದ್ದ ಒಂದೇ ಒಂದು ಹೊಸ ರಿಂಗನ್ನು ಕಾಕಾ ನನ್ನ ಕಾರಿಗೆ ಹಾಕಿಬಿಟ್ಟರು. ನಾನು ಪರ್ಸ್ ತೆಗೆದೆ.

“ರೊಕ್ಕ ಇಂಜಿನ್ನಿಗೆ ಹಾಕಾಕ ಬರೂದಿಲ್ಲ ಅಕ್ಕಾರ. ಇಂಥಾದ್ದ ಇನ್ನೊಂದ ತಂದಕೊಡ್ರಿ. ಈಗ ನಮ್ಮ ಇಂಜಿನ್ನ್ಯಾಗ ಇದ್ದ ರಿಂಗ್ ಹ್ವಾದ್ರ ಕಬ್ಬಿಗೆ ನೀರ ಬಂದ್ ಆಗತೈತಿ, ನಮ್ಮಾಕಿ ಬಾಯಿ ಚಾಲೂ ಆಗತೈತಿ.”

2. ನಮೂನೆ

ರಾಯಬಾಗದ ಅಂಗಡಿಯವನು “ನಮೂನಿ ತಂದೀರೇನ್ರಿ?” ಎಂದ. ಉಬ್ಬಿದ ಹಳೆಯ ರಿಂಗ್ ಕೊಟ್ಟೆ. ಒಂದು ಕಣ್ಣು ಮುಚ್ಚಿ ಅಳೆದು, ಕೂದಲೆಳೆಯಷ್ಟೂ ಫರಕಿಲ್ಲದ ಹೊಸದನ್ನು ಕೊಟ್ಟ. ಲಾಡ್ಜಿಗೆ ಬಂದ ಮೇಲೆ ನನಗೆ ಹೊಳೆಯಿತು, ಅವನು ಅಳೆದದ್ದು ಉಬ್ಬನ್ನು. ತಿರುಗಿ ಹೋಗಿ ಹೇಳಿದೆ.

“ಹಂಗಂದ್ರ ಛಲೋನ ಆತಲ್ರಿ,” ಎಂದ. “ನಾ ಮೊದಲ ಉಬ್ಬಿದ್ದ ಕೊಟ್ಟೇನಿ. ಮತ್ತ ಉಬ್ಬೂ ತ್ರಾಸ ಇಲ್ಲ.”

3. ಒಂದೇ ಡಬ್ಬಿ

ಕಾಕಾಗೆ ಫೋನ್ ಹಚ್ಚಿ ಸರಿಯಾದ ಅಳತೆ ಬರೆದುಕೊಂಡು ನಿಪ್ಪಾಣಿಗೆ ಹೋದೆ. “ನೈಟ್ರೈಲ್? ಆಹೇ ನಾ ತಾಈ,” ಎಂದು ಅಂಗಡಿಕಾರ ‘ಇದೆಯಲ್ಲ ಅಕ್ಕಾ’ ಎಂಬ ಭರವಸೆಯನ್ನು ಮರಾಠಿಯಲ್ಲಿ ಕೊಟ್ಟು ತಗಡಿನ ಡಬ್ಬಿಗೆ ಕೈಹಾಕಿದ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಇಪಿಡಿಎಂ ರಿಂಗ್ ಕೇಳಿದ. ಅದು ನೀರಿನ ಪೈಪಿಗೆ ಹಾಕುವ ಬೇರೆ ಕುಲದ ಕೃತಕ ರಬ್ಬರು. ಎಣ್ಣೆ ಕಂಡರೆ ಅದಕ್ಕಾಗದು. ಅವನಿಗೂ ಅದೇ ಡಬ್ಬಿಯಿಂದ ಒಂದು ರಿಂಗ್ ಹೊರಬಂತು.

“ಎರಡೂ ಒಂದ ಡಬ್ಬ್ಯಾಗ ಅದಾವೇನ್ರಿ?” ಎಂದೆ.

“ಡಬ್ಬಿ ಒಂದ ಇದ್ರೇನಾತ್ರಿ, ಗಿರಾಕಿ ಬ್ಯಾರೆ ಬ್ಯಾರೆ ಅದೀರಲ್ಲ.”

4. ತಜ್ಞರು

ಚಿಕ್ಕೋಡಿಯಲ್ಲಿ ಪಂಪು-ಇಂಜಿನ್ನುಗಳ ನಿರ್ವಹಣೆಯ ಶಿಬಿರ ಎಂಬ ಬ್ಯಾನರ್ ಕಂಡು ಒಳಹೊಕ್ಕೆ. ತಜ್ಞರು, “ನೈಟ್ರೈಲ್ ಎಂಬುದು ಅಕ್ರಿಲೋನೈಟ್ರೈಲ್ ಹಾಗೂ ಬ್ಯೂಟಾಡೈಈನ್‌ಗಳ ಸಹಪಾಲಿಮರ್,” ಎಂದು ಆರಂಭಿಸಿ ಮುಕ್ಕಾಲು ತಾಸು ಅಲ್ಲೇ ನಿಂತಿದ್ದರು. ಮುಂದಿನ ಸಾಲಿನ ರೈತನೊಬ್ಬ ಎದ್ದ.

“ಅದು ಸಿಗೂದೆಲ್ಲಿರಿ ಸಾಹೇಬ್ರ?”

“ಅದು ಇವತ್ತಿನ ವಿಷಯದಲ್ಲಿ ಬರುವುದಿಲ್ಲ.”

ಚಪ್ಪಾಳೆಯಾಯಿತು, ಹಾರವಾಯಿತು, ಉಪ್ಪಿಟ್ಟಾಯಿತು. ಹೊರಗೆ ಬಂದರೆ ತಜ್ಞರ ಬೈಕಿನ ಕೆಳಗೆ ಎಣ್ಣೆಯ ಮಡು. ಅದೇ ರೈತ ಬಗ್ಗಿ ನೋಡಿ ನನಗೆ ಮೆಲ್ಲಗೆ ಹೇಳಿದ:

“ಸಾಹೇಬ್ರಿಗೂ ಸಿಕ್ಕಿಲ್ಲ ಕಾಣಸ್ತೈತಿ.”

5. ಚಹಾ ಗ್ಲಾಸು

ಕಾಗವಾಡದ ಗ್ಯಾರೇಜಿನ ಚಾಚಾ ನನ್ನ ಅಳತೆಯ ಚೀಟಿ ನೋಡಿ “ಕೂಡ್ರಿ” ಎಂದು ಒಳಗೆ ಹೋದರು. ಹಲಗೆಯ ಮೇಲೆ ಐದು ಚಹಾ ಗ್ಲಾಸು ತುಂಬಿದ್ದವು. ನನಗೇ ಇಟ್ಟದ್ದೆಂದು ಒಂದನ್ನು ತುಟಿಯವರೆಗೂ ಒಯ್ದೆ.

“ಕುಡೀಬ್ಯಾಡ್ರಿ ಬೆಹನ್. ಅದು ಡೀಸೆಲ್. ಒಳಗ ರಿಂಗ್ ಪರೀಕ್ಷಾಕ್ಕ ಕುಂತಾವ.”

ನಾಲ್ಕು ಉಬ್ಬಿ ನಪಾಸಾಗಿದ್ದವು. ನನ್ನ ಅಳತೆಯದು ಮಾತ್ರ ಹಾಗೇ ಇತ್ತು. ನಪಾಸಾದವುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ.

“ಇಟ್ಟಿರತೇನ್ರಿ. ಇವನ್ನ ನನಗ ಮಾರಿದಾಂವನ ಗಾಡೀನೂ ಇಲ್ಲೇ ರಿಪೇರಿಗೆ ಬರತೈತಿ.”

6. ಎರಡು ದಿನ

ನಾನು ತಿರುಗಿ ಬರುವಷ್ಟರಲ್ಲಿ ಕಾಕಾರ ಇಂಜಿನ್ನಿನಿಂದ ಆಗಲೇ ಎಣ್ಣೆ ಜಿನುಗುತ್ತಿತ್ತು. ಕೆಳಗೆ ತಾಟು ಇಟ್ಟಿದ್ದರು. ತಾಟು ತಮ್ಮದೆಂದು ಅವರ ಹೆಂಡತಿ, ಕಾಕು, ಜಗಳ ತೆಗೆದಿದ್ದರು. ನಾನು ರಿಂಗ್ ಚಾಚಿದೆ. ಕಾಕಾ ಅದನ್ನು ಡೀಸೆಲ್ ಬಟ್ಟಲಿಗೆ ಹಾಕಿದರು.

“ಕಾಗವಾಡದ ಚಾಚಾ ಪರೀಕ್ಷಾ ಮಾಡ್ಯಾರ್ರಿ,” ಎಂದೆ.

“ಅವರು ಅವರ ಡೀಸೆಲ್‌ನ್ಯಾಗ ಮಾಡ್ಯಾರ. ಎರಡ ದಿನ ನಮ್ಮದರಾಗ ಇರಲಿ.”

“ಹಂಗಾರ ನಾ ಬರತೇನ್ರಿ.”

“ಪಾಸಾಗೂಮಟ ನಿಮ್ಮ ಋಣಾ ಹರದಿಲ್ಲ. ನೀವೂ ಇಲ್ಲೇ ಇರ್ರಿ.”

ಜಗತ್ತಿನಲ್ಲಿ ಎಲ್ಲಿಯೂ ಎರಡು ದಿನ ನಿಲ್ಲದವಳು ನಿಂತೆ. ರಿಂಗ್ ಡೀಸೆಲ್‌ನಲ್ಲಿ, ನಾನು ಅಡುಗೆಮನೆಯಲ್ಲಿ. ಕಾಕು ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಮತ್ತೆ ತುಪ್ಪ ಸುರಿದ ಶೇಂಗಾ ಹೋಳಿಗೆ ಬಡಿಸಿದರು. “ಸಾಕ್ರಿ” ಎಂದಾಗಲೆಲ್ಲ ಇನ್ನೊಂದು ಬಿತ್ತು.

ಮೂರನೆಯ ದಿನ ಬೆಳಿಗ್ಗೆ ಕಾಕಾ ರಿಂಗ್ ತೆಗೆದು, ಧೋತರಕ್ಕೆ ಒರೆಸಿ, ಅಳೆದು, ಇಂಜಿನ್ನಿಗೆ ಕೂಡಿಸಿ ಚಾಲೂ ಮಾಡಿದರು. ಒಂದು ಹನಿ ಎಣ್ಣೆ ಬೀಳಲಿಲ್ಲ. ಕಬ್ಬಿಗೆ ನೀರು ಓಡಿತು, ಕಾಕು ತಾಟು ಎತ್ತಿಕೊಂಡರು.

“ಮುಟ್ಟಿತ್ರಿ ನಿಮ್ಮ ಸಾಲ,” ಎಂದರು ಕಾಕಾ.

ನಾನು ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಎಳೆದೆ. ಬರುವಾಗ ಸಲೀಸಾಗಿ ಬಿದ್ದದ್ದು ಈಗ ಹೊಟ್ಟೆಯ ಮೇಲೆ ಬಿಗಿಯಿತು. ಕಾಕು ಕಿಟಕಿಯಿಂದ ಬಗ್ಗಿ ನೋಡಿ ಗಂಡನಿಗೆ ಹೇಳಿದರು:

“ರಿಂಗ್ ನೈಟ್ರೈಲ್ ಖರೆ ರೀ. ಅಕ್ಕಾರು ಬರೇ ರಬ್ಬರ್.”